ವಾಸನೆ ಹೋದ ಮೇಲೆ ಅಮ್ಮ ಬದಲಾಗಿದ್ದಾಳೆ: ಮೂಗಿಗೂ ಮನಸ್ಸಿಗೂ ಇಷ್ಟು ನಂಟಿದೆಯೇ?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಇಲ್ಲಿ ವೈದ್ಯರೂ ಇದ್ದೀರಿ, ಅನುಭವಸ್ಥರೂ ಇದ್ದೀರಿ ಎಂಬ ಧೈರ್ಯದಿಂದ ಕೇಳುತ್ತಿದ್ದೇನೆ.

2021ರ ಎರಡನೇ ಅಲೆಯಲ್ಲಿ ಅಮ್ಮನಿಗೆ ಕೋವಿಡ್ ಬಂದಿತ್ತು. ಉಸಿರಾಟಕ್ಕೆ ತೊಂದರೆಯಾಗಲಿಲ್ಲ, ಆಸ್ಪತ್ರೆಗೆ ಸೇರಿಸುವ ಪ್ರಮೇಯವೂ ಬರಲಿಲ್ಲ. ಆದರೆ ವಾಸನೆ ಪೂರ್ತಿ ಹೋಯಿತು. ಕೆಲವು ತಿಂಗಳ ನಂತರ ಅಷ್ಟಿಷ್ಟು ಮರಳಿತು, ಅದೂ ಕೆಟ್ಟು ಮರಳಿತು. ಡಿಕಾಕ್ಷನ್ ಇಳಿಸಿದರೆ ರಬ್ಬರ್ ಸುಟ್ಟ ವಾಸನೆ, ಈರುಳ್ಳಿ ಹುರಿದರೆ ಕೊಳೆತ ಕಸದ ವಾಸನೆ ಎನ್ನುತ್ತಾಳೆ. ಮಲ್ಲಿಗೆ ಮುಡಿಸಿದರೆ ಅದಕ್ಕೆ ಏನೂ ಇಲ್ಲ.

ನನ್ನ ಆತಂಕ ಇದರ ಜೊತೆಗೆ ಬಂದ ಬದಲಾವಣೆಯ ಬಗ್ಗೆ. ಬೀದಿಗೆಲ್ಲ ಹಂಚುವಷ್ಟು ಸಾರಿನ ಪುಡಿ ಕುಟ್ಟಿಸುತ್ತಿದ್ದವಳು ಈಗ ಅಡುಗೆಮನೆಗೆ ಹೋಗಲು ಹಿಂಜರಿಯುತ್ತಾಳೆ. ಕೊತ್ತಂಬರಿ ಬೀಜ ಹುರಿದದ್ದು ಸಾಕೋ ಸಾಲದೋ ಎಂಬುದನ್ನು ಮೂಗಿನಿಂದಲೇ ನೋಡುತ್ತಿದ್ದಳು. ಈಗ ಸಾಸಿವೆ ಸೀದು ಕಪ್ಪಾದರೂ ತಿಳಿಯುವುದಿಲ್ಲ. ಮದುವೆ ಮುಂಜಿಗಳಿಗೆ ಬರುವುದನ್ನು ಬಿಟ್ಟಿದ್ದಾಳೆ. ಮತ್ತೆ ಮತ್ತೆ ಸ್ನಾನ ಮಾಡುತ್ತಾಳೆ, "ನನ್ನ ಮೈ ನಾರುತ್ತಿದೆಯೇ ನೋಡು" ಎಂದು ಕೇಳುತ್ತಾಳೆ. ಮೊಮ್ಮಗನನ್ನು ಎತ್ತಿಕೊಂಡಾಗಲೂ ಮೊದಲಿನ ಹಿಗ್ಗಿಲ್ಲ.

ತೋರಿಸಿದ ವೈದ್ಯರೊಬ್ಬರು "ಕಣ್ಣು, ಕಿವಿ ಚೆನ್ನಾಗಿವೆಯಲ್ಲ, ವಾಸನೆ ಒಂದು ಹೋದರೆ ಏನಂತೆ" ಎಂದು ಕಳಿಸಿಬಿಟ್ಟರು. ಅಮ್ಮ ಅಂದು ದಾರಿಯುದ್ದಕ್ಕೂ ಮಾತಾಡಲಿಲ್ಲ. ನನ್ನ ಪ್ರಶ್ನೆ ಎರಡು: ವಾಸನೆ ಹೋದರೆ ಮನಸ್ಸು ಇಷ್ಟು ಕುಗ್ಗುವುದು ನಿಜವೇ? ಏನಾದರೂ ಮಾಡಲು ಸಾಧ್ಯವೇ?

ಹೊಳೆಬದಿ

ನನ್ನ ತಮ್ಮನಿಗೂ ಇದೇ ಆಗಿತ್ತು. ಬೆಳ್ಳುಳ್ಳಿ ಒಗ್ಗರಣೆ ಬಿದ್ದ ಕೂಡಲೇ ಮನೆಯಿಂದ ಹೊರಗೆ ಹೋಗಿ ನಿಲ್ಲುತ್ತಿದ್ದ. ಈಗ ಬಹುಮಟ್ಟಿಗೆ ಸರಿಯಾಗಿದೆ. ದಯವಿಟ್ಟು ಆಸೆ ಬಿಡಬೇಡಿ.

ವೈದ್ಯೆ ಹುಬ್ಬಳ್ಳಿ

ನಾನು ಕಿವಿ, ಮೂಗು, ಗಂಟಲು ವೈದ್ಯೆ. ನಿಮ್ಮ ತಾಯಿಗೆ ಸಿಕ್ಕ ಉತ್ತರ ಓದಿ ಬೇಸರವಾಯಿತು. ನನ್ನ ವೃತ್ತಿಯಲ್ಲಿ ಮೂಗಿನ ಈ ಕೆಲಸಕ್ಕೆ ಸಲ್ಲಬೇಕಾದ ಗಮನ ಸಲ್ಲುತ್ತಿಲ್ಲ, ಇದನ್ನು ಒಪ್ಪಿಕೊಳ್ಳಲೇಬೇಕು.

ಮೊದಲ ಪ್ರಶ್ನೆಗೆ ಉತ್ತರ: ಹೌದು, ನಿಜ. ಮೂಗಿನ ಒಳಗಿನ ಮೇಲ್ಛಾವಣಿಯಲ್ಲಿ ಕೆಲವೇ ಚದರ ಸೆಂಟಿಮೀಟರ್ ಅಗಲದ ಪೊರೆ ಇದೆ. ಅಲ್ಲಿನ ನರಕೋಶಗಳ ತುದಿಯಲ್ಲಿ ವಾಸನೆಯ ಕಣಗಳನ್ನು ಹಿಡಿಯುವ ಗ್ರಾಹಕಗಳಿವೆ. ಮನುಷ್ಯರಲ್ಲಿ ಸುಮಾರು 400 ಬಗೆಯವು. ಇವುಗಳ ವಂಶವಾಹಿಗಳನ್ನು 1991ರಲ್ಲಿ ಗುರುತಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಕಣ್ಣು ಕಿವಿಗಳ ಸಂದೇಶ ಮೊದಲು ಮಿದುಳಿನ ಥಲಾಮಸ್ ಎಂಬ ಭಾಗವನ್ನು ಹಾದು ಮುಂದೆ ಹೋಗುತ್ತದೆ. ವಾಸನೆಗೆ ಆ ನಿಲ್ದಾಣವಿಲ್ಲ. ಮೂಗಿನ ನರ, ಅದರ ಮೇಲಿನ ಘ್ರಾಣಗೆಡ್ಡೆ ಎಂಬ ಮಿದುಳಿನ ಸಣ್ಣ ಭಾಗ, ಅಲ್ಲಿಂದ ನೇರವಾಗಿ ಭಯ, ಪ್ರೀತಿ, ಅಸಹ್ಯಗಳನ್ನು ನಿಭಾಯಿಸುವ ಅಮಿಗ್ಡಲಾಕ್ಕೆ ಮತ್ತು ನೆನಪಿನ ಕೇಂದ್ರದ ಹೊಸ್ತಿಲಿಗೆ. ಆದ್ದರಿಂದಲೇ ಇದು ಯಾವುದರ ವಾಸನೆ ಎಂದು ಹೆಸರು ಹೊಳೆಯುವ ಮೊದಲೇ ಮನಸ್ಸು ಹಿಗ್ಗಿರುತ್ತದೆ ಅಥವಾ ಕುಗ್ಗಿರುತ್ತದೆ.

ಕೊರೊನಾ ವೈರಸ್ ಮುಖ್ಯವಾಗಿ ಹಾಳುಮಾಡಿದ್ದು ವಾಸನೆಯ ನರಕೋಶಗಳಿಗೆ ಆಸರೆಯಾಗಿ ನಿಂತ ಪಕ್ಕದ ಕೋಶಗಳನ್ನು. ಆಸರೆ ಹೋದ ಮೇಲೆ ನರಕೋಶಗಳೂ ಸೊರಗಿದವು. ಒಳ್ಳೆಯ ಸಂಗತಿ ಎಂದರೆ ಈ ನರಕೋಶಗಳು ಬದುಕಿನುದ್ದಕ್ಕೂ ಹೊಸದಾಗಿ ಹುಟ್ಟುತ್ತಲೇ ಇರುತ್ತವೆ. ಹೊಸ ತಂತುಗಳು ಇನ್ನೂ ಸರಿಯಾಗಿ ಕೂಡಿಕೊಳ್ಳದೆ ಇರುವಾಗ ಕಾಫಿ ರಬ್ಬರಿನಂತೆ ನಾರುವುದು ಇತ್ಯಾದಿ ಆಗುತ್ತದೆ. ಇದನ್ನು ಪರೋಸ್ಮಿಯಾ ಎನ್ನುತ್ತೇವೆ. ರೋಗಿಗೆ ಇದು ನರಕ. ಆದರೆ ಏನೂ ವಾಸನೆ ಇಲ್ಲದಿರುವುದಕ್ಕಿಂತ ಇದನ್ನು ಚೇತರಿಕೆಯ ಗುರುತೆಂದು ನೋಡುವುದುಂಟು.

ಎರಡನೆಯ ಪ್ರಶ್ನೆ: ವಾಸನೆಯ ಅಭ್ಯಾಸ ಎಂಬುದೊಂದಿದೆ. ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕ್ರಮ. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕನ್ನು ಬೆಳಿಗ್ಗೆ ಸಂಜೆ ಗಮನವಿಟ್ಟು ಮೂಸುವುದು, 12 ವಾರ. ಎಲ್ಲರಿಗೂ ಫಲ ಕೊಡುತ್ತದೆ ಎನ್ನಲಾರೆ. ಆದರೆ ಖರ್ಚಿಲ್ಲ, ಅಪಾಯವಿಲ್ಲ, ಇರುವುದರಲ್ಲಿ ಹೆಚ್ಚು ಭರವಸೆಯ ದಾರಿ ಇದು.

ಪುರಾವೆ ಕೊಡಿ

ವೈದ್ಯೆಯವರ ವಿವರಣೆಗೆ ತಕರಾರಿಲ್ಲ. ಆದರೆ ಒಂದು ಎಚ್ಚರಿಕೆ. 2021 ಎಂದರೆ ಎಷ್ಟು ಮನೆಗಳಲ್ಲಿ ಸಾವಾಯಿತು, ಎಷ್ಟು ದಿನ ಒಂಟಿ ಕೋಣೆಯಲ್ಲಿ ಕೂರಬೇಕಾಯಿತು! ಅಮ್ಮನ ಮಂಕಿಗೆ ಅವೆಲ್ಲವೂ ಕಾರಣವಾಗಿರಬಹುದು. ವಯಸ್ಸು, ಥೈರಾಯ್ಡ್, ನಿದ್ದೆಯ ಕೊರತೆ ಕೂಡ. ಎಲ್ಲವನ್ನೂ ಮೂಗಿನ ತಲೆಗೆ ಕಟ್ಟಿ ಲವಂಗ ಮೂಸಿಸುತ್ತಾ ಕೂತರೆ ಖಿನ್ನತೆಗೆ ಸಿಗಬೇಕಾದ ಚಿಕಿತ್ಸೆ ತಪ್ಪಿಹೋಗುತ್ತದೆ. ಮನೋವೈದ್ಯರಿಗೂ ತೋರಿಸಿ.

ಹೆಲ್ಮೆಟ್ ಹಾಕಿ (ದಾವಣಗೆರೆ)

ಪುರಾವೆ ಕೇಳುವವರಿಗೆ ನಾನೇ ಪುರಾವೆ. ನನಗೆ ಕೋವಿಡ್‌ನಿಂದ ಹೋದದ್ದಲ್ಲ. ಸ್ಕೂಟರಿನಿಂದ ಬಿದ್ದು ತಲೆಯ ಹಿಂಭಾಗಕ್ಕೆ ಪೆಟ್ಟಾಯಿತು. ಮೂಗಿನ ಛಾವಣಿಯ ಮೂಳೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ಅವುಗಳ ಮೂಲಕ ಹಾಯುವ ನರದ ಎಳೆಗಳು ಆ ಎಳೆತಕ್ಕೆ ಹರಿದುಹೋಗುತ್ತವೆ ಎಂದು ಆಮೇಲೆ ತಿಳಿಯಿತು. ಗಾಯ ವಾಸಿಯಾಯಿತು, ಕೆಲಸಕ್ಕೆ ಮರಳಿದೆ, ಮನೆಯಲ್ಲಿ ಯಾರೂ ಸತ್ತಿರಲಿಲ್ಲ, ಒಂಟಿತನವೂ ಇರಲಿಲ್ಲ. ಆದರೂ ಕುಗ್ಗಿದೆ.

ಏನೇನು ಹೋಗುತ್ತದೆ ಎಂಬುದನ್ನು ಹೇಳುತ್ತೇನೆ ಕೇಳಿ. ಊಟದಲ್ಲಿ ಉಪ್ಪು, ಹುಳಿ, ಸಿಹಿ, ಕಹಿ ಇವೆ, ಖಾರದ ಉರಿ ಇದೆ. ಆದರೆ ಇದು ಬದನೆ, ಇದು ನುಗ್ಗೆ ಎಂಬ ಭೇದವಿಲ್ಲ. ಮಗಳ ನೆತ್ತಿಗೆ ಮುತ್ತು ಕೊಟ್ಟರೆ ಕೂದಲು ತಾಗುತ್ತದೆ, ಮಗಳು ಸಿಗುವುದಿಲ್ಲ. ಗಂಡ ಪಕ್ಕದಲ್ಲಿ ಮಲಗಿದ್ದರೂ ಪರಸ್ಥಳದಲ್ಲಿ ಮಲಗಿದಂತೆ. ಮುಟ್ಟಿನ ದಿನಗಳಲ್ಲಿ ಯಾರ ಹತ್ತಿರವೂ ಕೂರಲು ಭಯ, ಏಕೆಂದರೆ ನನ್ನ ಮೈ ನನಗೆ ತಿಳಿಯುವುದಿಲ್ಲ. ತುಂಗಾತೀರ ಅವರೇ, ಅಮ್ಮ ಮತ್ತೆ ಮತ್ತೆ ಸ್ನಾನ ಮಾಡುವುದು ಇದೇ ಭಯಕ್ಕೆ. ಕೇಳಿದಾಗ ಬೇಸರಿಸದೆ ಪ್ರತಿಸಲವೂ ನಿಜ ಹೇಳಿ. "ಇಲ್ಲಮ್ಮ" ಎಂಬ ನಿಮ್ಮ ಮಾತೇ ಈಗ ಅವರ ಮೂಗು.

ಇನ್ನೊಂದು ಸಿಟ್ಟಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಘ್ರಾಣನಷ್ಟ ಅದರಲ್ಲಿಲ್ಲ. ಕಾಗದದ ಮೇಲೆ ನನಗೆ ಏನೂ ಆಗಿಯೇ ಇಲ್ಲ.

ಪುರಾವೆ ಕೊಡಿ

ಅಕ್ಕ, ನಿಮ್ಮ ನೋವನ್ನು ನಾನು ಅಲ್ಲಗಳೆಯುತ್ತಿಲ್ಲ. ನಾನು ಹೇಳಿದ್ದು ಬೇರೆ ಕಾರಣಗಳನ್ನೂ ನೋಡಿ ಎಂದಷ್ಟೇ.

ವೈದ್ಯೆ ಹುಬ್ಬಳ್ಳಿ

ಇಬ್ಬರ ಮಾತೂ ಸರಿ. ವಾಸನೆ ಕಳೆದುಕೊಂಡವರಲ್ಲಿ ಖಿನ್ನತೆ ಹೆಚ್ಚು ಕಂಡುಬರುತ್ತದೆ, ಖಿನ್ನತೆ ಇರುವವರಲ್ಲಿ ವಾಸನೆಯ ಸೂಕ್ಷ್ಮತೆ ತಗ್ಗಿರುವುದೂ ಉಂಟು. ಎರಡು ದಿಕ್ಕಿನ ರಸ್ತೆ. ಎರಡಕ್ಕೂ ಚಿಕಿತ್ಸೆ ನಡೆಯಲಿ.

ಸಿಲಿಂಡರ್ ಅಣ್ಣ

ಮನಸ್ಸಿನ ಮಾತಿಗಿಂತ ಮೊದಲು ಜೀವದ ಮಾತು. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲ. ಸೋರಿದರೆ ತಿಳಿಯಲಿ ಎಂದೇ ಮರ್ಕ್ಯಾಪ್ಟನ್ ಎಂಬ ಗಬ್ಬು ವಾಸನೆಯ ರಾಸಾಯನಿಕ ಬೆರೆಸುತ್ತಾರೆ. ನಿಮ್ಮ ಅಮ್ಮನಿಗೆ ಆ ಎಚ್ಚರಿಕೆ ಗಂಟೆಯೇ ಇಲ್ಲ. ಅನಿಲ ಸೋರಿಕೆ ಪತ್ತೆಹಚ್ಚುವ ಅಲಾರಂ ಇವತ್ತೇ ತನ್ನಿ. ನೆಲಮಟ್ಟಕ್ಕೆ ಹತ್ತಿರ ಹಾಕಿಸಿ, ಈ ಅನಿಲ ಗಾಳಿಗಿಂತ ಭಾರ, ಕೆಳಗೇ ಹರಡುತ್ತದೆ. ರಾತ್ರಿ ರೆಗ್ಯುಲೇಟರ್ ಬಂದ್ ಮಾಡುವುದನ್ನು ರೂಢಿ ಮಾಡಿಕೊಳ್ಳಿ.

ಹೆಲ್ಮೆಟ್ ಹಾಕಿ (ದಾವಣಗೆರೆ)

ಅಣ್ಣ, ಇದನ್ನು ನಾನೇ ಬರೆಯಬೇಕಿತ್ತು. ಜೊತೆಗೆ ಫ್ರಿಜ್ಜಿನ ಡಬ್ಬಿಗಳ ಮೇಲೆ ದಿನಾಂಕ ಬರೆದಿಡಿ. ಹಳಸಿದ ಹುಳಿ ಯಾವುದು, ಇವತ್ತಿನದು ಯಾವುದು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ.

ಭಕ್ತಿಮಾರ್ಗ

ದಿನವೂ ಒಳ್ಳೆಯ ಊದುಬತ್ತಿ, ಸಾಂಬ್ರಾಣಿ ಹಾಕಿ. ಮನಸ್ಸು ತಾನಾಗಿ ಶಾಂತವಾಗುತ್ತದೆ, ಮೂಗೂ ತೆರೆದುಕೊಳ್ಳುತ್ತದೆ. ಹಿರಿಯರು ಸುಮ್ಮನೆ ಮಾಡಿಟ್ಟದ್ದಲ್ಲ.

ಬತ್ತಿಮನೆ (ಮೈಸೂರು)

ಬೇಡ. ಮೂರು ತಲೆಮಾರಿನಿಂದ ಊದುಬತ್ತಿಯ ಕಸುಬಿನಲ್ಲಿರುವ ಮನೆಯವನಾಗಿ ಹೇಳುತ್ತಿದ್ದೇನೆ, ಪೆಟ್ಟಾದ ಮೂಗಿಗೆ ಹೊಗೆ ಹಾಕಬೇಡಿ. ಹೊಗೆಯಲ್ಲಿ ಮೊದಲು ತಿಳಿಯುವುದು ಘಾಟು, ಪರಿಮಳ ಆಮೇಲೆ. ಹಿಂದಿನ ಮಸಾಲಾ ಬತ್ತಿಗೆ ಹಾಲ್ಮಡ್ಡಿ ಎಂಬ ಮರದ ಅಂಟು, ಗಂಧದ ಪುಡಿ, ಬೇರು ನಾರುಗಳನ್ನು ಕಲಸಿ ಹೊಸೆಯುತ್ತಿದ್ದರು. ಈಗ ಮಾರುಕಟ್ಟೆಯಲ್ಲಿ ಹೆಚ್ಚು ಸಿಗುವುದು ಇದ್ದಿಲು, ಜಿಗಟು ಹಚ್ಚಿದ ಕಡ್ಡಿಯನ್ನು ಸೆಂಟಿನಲ್ಲಿ ಅದ್ದಿ ತೆಗೆದದ್ದು. ದೇವರ ಮುಂದೆ ಒಂದು ಹಚ್ಚುವುದು ಬೇರೆ, ಔಷಧಿ ಎಂದು ಮುಚ್ಚಿದ ಕೋಣೆಯಲ್ಲಿ ಹಚ್ಚುವುದು ಬೇರೆ.

ಮೂಗನ್ನು ಪಳಗಿಸುವ ವಿಚಾರ ನಮಗೆ ಹೊಸದಲ್ಲ. ಕೆಲಸಕ್ಕೆ ಬಂದ ಹುಡುಗನಿಗೆ ಎಲ್ಲ ಸೆಂಟೂ ಒಂದೇ ಆಗಿ ತೋರುತ್ತದೆ. ದಿನಾ ಮೂಸಿ, ಹೆಸರು ಹೇಳಿ, ತಪ್ಪಿದರೆ ಮತ್ತೆ ಮೂಸಿ ಕಲಿಯುತ್ತಾನೆ. ಕೆಲವು ತಿಂಗಳಲ್ಲಿ ಗುಲಾಬಿಯಲ್ಲೇ ನಾಲ್ಕಾರು ಬಗೆ ಹೇಳಬಲ್ಲವನಾಗುತ್ತಾನೆ. ಅವನ ಮೂಗು ಬದಲಾಗಿರುವುದಿಲ್ಲ, ಗಮನ ಬದಲಾಗಿರುತ್ತದೆ. ಒಂದೇ ವಾಸನೆಯನ್ನು ಸತತವಾಗಿ ಮೂಸಿದರೆ ಮೂಗು ಮಂದವಾಗುತ್ತದೆ. ಆಗ ನಾವು ಹೊರಗೆ ಹೋಗಿ ನಮ್ಮದೇ ತೋಳಿನ ಚರ್ಮ ಮೂಸುತ್ತೇವೆ, ಮತ್ತೆ ಹದಕ್ಕೆ ಬರುತ್ತದೆ. ಅಮ್ಮನಿಗೂ ಹೇಳಿ: ಒಂದೊಂದನ್ನು ಸ್ವಲ್ಪ ಹೊತ್ತು ಮಾತ್ರ, ನಡುವೆ ಬಿಡುವು ಕೊಟ್ಟು, ಮೂಸುವಾಗ ಆ ವಸ್ತುವನ್ನೇ ನೆನೆಯುತ್ತಾ.

ಒಂದು ವಿಷಯ ಅನೇಕರಿಗೆ ಗೊತ್ತಿರುವುದಿಲ್ಲ. ಮಲ್ಲಿಗೆಯ ಪರಿಮಳದಲ್ಲಿ ಇಂಡೋಲ್ ಎಂಬ ಅಂಶ ಇದೆ. ಅದೇ ಅಂಶ ಮಲದಲ್ಲೂ ಇದೆ. ಹನಿಯಷ್ಟಿದ್ದರೆ ಹೂವು, ಹೆಚ್ಚಾದರೆ ಹೇಸಿಗೆ. ಅದನ್ನು ಪೂರ್ತಿ ತೆಗೆದು ಸೆಂಟು ಕೂಡಿಸಿದರೆ ಮಲ್ಲಿಗೆಗೆ ಜೀವವೇ ಇರುವುದಿಲ್ಲ.

ಮಸಾಲೆಪುರಿ

ಇವರು ಹೇಳಿದ ಮೇಲೆ ಮಲ್ಲಿಗೆ ಮುಡಿಯುವಾಗ ಇದೇ ನೆನಪಾಗುತ್ತದೆ! ಇರಲಿ, ನನಗೊಂದು ಅನುಮಾನ. ಫೆರೋಮೋನ್ ಸೆಂಟು ಎಂದು ಜಾಹೀರಾತು ಬರುತ್ತಿದೆ, ಹಚ್ಚಿಕೊಂಡರೆ ಎದುರಿನವರು ಆಕರ್ಷಿತರಾಗುತ್ತಾರಂತೆ. ನಿಜವೇ?

ಪುರಾವೆ ಕೊಡಿ

ಹಣ ಕಳೆಯಬೇಡಿ. ಫೆರೋಮೋನ್ ಎಂದರೆ ತನ್ನದೇ ಜಾತಿಯ ಇನ್ನೊಂದು ಜೀವಿಗೆ ಸಂದೇಶ ಕೊಡುವ ರಾಸಾಯನಿಕ. ಪತಂಗಗಳಲ್ಲಿ, ಇಲಿಗಳಲ್ಲಿ ಅದು ಇದೆ. ಮನುಷ್ಯರಲ್ಲಿ ಇದೇ ಫೆರೋಮೋನ್ ಎಂದು ಖಚಿತವಾಗಿ ತೋರಿಸಿಕೊಟ್ಟ ಒಂದೇ ಒಂದು ರಾಸಾಯನಿಕವೂ ಈವರೆಗೆ ಇಲ್ಲ. ಶೀಶೆಯಲ್ಲಿ ಹಾಕಿ ಮಾರುವ ಆಂಡ್ರೋಸ್ಟೀನೋನ್ ಹಂದಿಗಳದ್ದು. ಅದು ಕೆಲವರ ಮೂಗಿಗೆ ಮೂತ್ರದಂತೆ, ಕೆಲವರಿಗೆ ಸಿಹಿಯಾಗಿ ತೋರುತ್ತದೆ, ಇನ್ನು ಕೆಲವರಿಗೆ ಏನೂ ತಿಳಿಯುವುದಿಲ್ಲ. ಒಂದು ಗ್ರಾಹಕದ ವಂಶವಾಹಿಯಲ್ಲಿನ ವ್ಯತ್ಯಾಸ ಇದಕ್ಕೆ ಒಂದು ಕಾರಣ ಎಂದು 2007ರಲ್ಲಿ ಗೊತ್ತಾಯಿತು.

ಮೂಗುತಿ

ಆದರೆ ಬೆವರಿನ ಅಂಗಿಯ ಪ್ರಯೋಗ ಇದೆಯಲ್ಲ? 1995ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಕ್ಲಾಸ್ ವೆಡೆಕಿಂಡ್ ಮಾಡಿದ್ದು. ಗಂಡಸರು ಎರಡು ರಾತ್ರಿ ತೊಟ್ಟ ಅಂಗಿಗಳನ್ನು ಹೆಂಗಸರಿಗೆ ಮೂಸಲು ಕೊಟ್ಟರು. ತಮ್ಮ ರೋಗನಿರೋಧಕ ವಂಶವಾಹಿಗಳಿಗಿಂತ ಭಿನ್ನವಾದವರ ಅಂಗಿ ಅವರಿಗೆ ಹೆಚ್ಚು ಹಿತವೆನಿಸಿತು. ಮೂಗು ನೋಡುವ ಜಾತಕ ಇದು.

ಪುರಾವೆ ಕೊಡಿ

ಪ್ರಯೋಗ ನಡೆದದ್ದು ನಿಜ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಫಲಿತಾಂಶ ತಿರುಗುಮುರುಗಾಗಿತ್ತು ಎಂಬುದನ್ನೂ ಸೇರಿಸಿ. ಆಮೇಲಿನ ಅಧ್ಯಯನಗಳಲ್ಲಿ ಕೆಲವು ಒಪ್ಪಿದವು, ಕೆಲವು ಒಪ್ಪಲಿಲ್ಲ. ಅಂಗಿಯ ವಾಸನೆ ಹಿತವೆನಿಸುವುದು ಒಂದು, ಅವನನ್ನೇ ಮದುವೆಯಾಗುವುದು ಇನ್ನೊಂದು. ನಮ್ಮಲ್ಲಿ ಮದುವೆ ನಿಶ್ಚಯಿಸುವವರು ಅಪ್ಪ, ಅಮ್ಮ, ಸೋದರಮಾವ. ಅವರ ಮೂಗು ಲೆಕ್ಕಕ್ಕೆ ಬರುತ್ತದೆಯೇ?

ಮೂಗುತಿ

ಎಲ್ಲವನ್ನೂ ಹೀಗೆ ತಳ್ಳಿಹಾಕಿದರೆ ಹೇಗೆ? ಇಸ್ರೇಲಿನ ನೋಮ್ ಸೋಬೆಲ್ ತಂಡ 2015ರಲ್ಲಿ ಜನರಿಗೆ ತಿಳಿಯದಂತೆ ಚಿತ್ರೀಕರಿಸಿ ನೋಡಿತು: ಕೈಕುಲುಕಿದ ಮೇಲೆ ಕೈಯನ್ನು ಮೂಗಿನ ಬಳಿ ಒಯ್ಯುವುದು ಹೆಚ್ಚುತ್ತದೆ. ನಾವು ಒಬ್ಬರನ್ನೊಬ್ಬರು ಮೂಸುತ್ತಲೇ ಇದ್ದೇವೆ, ಒಪ್ಪಿಕೊಳ್ಳುವುದಿಲ್ಲ ಅಷ್ಟೇ.

ಬಾಣಂತಿ ಕೋಣೆ (ಕಲಬುರಗಿ)

ನಾನು ಹೆರಿಗೆ ವಾರ್ಡಿನಲ್ಲಿ ದಾದಿ. ಅಂಗಿಗೆ ಜಗಳವಾಡುವುದು ಬಿಡಿ, ಕೂಸುಗಳನ್ನು ನೋಡಿ. 1994ರ ಒಂದು ಅಧ್ಯಯನದಲ್ಲಿ ಆಗತಾನೇ ಹೆತ್ತ ತಾಯಿಯ ಒಂದು ಸ್ತನವನ್ನು ತೊಳೆದು ಇನ್ನೊಂದನ್ನು ಹಾಗೆಯೇ ಬಿಟ್ಟು ಮಗುವನ್ನು ನಡುವೆ ಮಲಗಿಸಿದರು. 30 ಕೂಸುಗಳಲ್ಲಿ 22 ತೊಳೆಯದ ಕಡೆಗೇ ಬಾಯಿ ಹಾಕಿದವು. ನಮ್ಮ ಕಡೆ ಬಾಣಂತಿಗೆ ಸೆಂಟು, ಪೌಡರ್ ಹಚ್ಚಿ ಸಿಂಗರಿಸಿ ಫೋಟೊ ತೆಗೆಯುವ ಹೊಸ ಗೀಳು ಶುರುವಾಗಿದೆ. ಮೊದಲ ದಿನಗಳಲ್ಲಿ ದಯವಿಟ್ಟು ಬೇಡ. ಕೂಸಿಗೆ ಅಮ್ಮ ಇನ್ನೂ ಮುಖವಾಗಿಲ್ಲ.

ನಿವೃತ್ತ ಮೇಷ್ಟ್ರು (ಚಿತ್ರದುರ್ಗ)

ತಾಯಿ, ಎಷ್ಟು ಸರಿಯಾಗಿ ಹೇಳಿದಿರಿ. ನನಗೆ ಎಪ್ಪತ್ತು ದಾಟಿದೆ. ಸುಣ್ಣ ಬಳಿದ ಗೋಡೆಯ ಹಸಿ ವಾಸನೆ ಬಂದರೆ ಶಾಲೆಗೆ ಸೇರಿದ ವರ್ಷದ ಹೆದರಿಕೆ ಇಂದಿಗೂ ಹೊಟ್ಟೆಯಲ್ಲಿ ಏಳುತ್ತದೆ. ಅಷ್ಟು ಹಳೆಯ ಸಂಗತಿಯನ್ನು ಫೋಟೊ ಕೂಡ ಹೀಗೆ ಎಬ್ಬಿಸುವುದಿಲ್ಲ. ಬೇರೆಯವರಿಗೂ ಹೀಗೇ ಆಗುತ್ತದೆಯೇ?

ವೈದ್ಯೆ ಹುಬ್ಬಳ್ಳಿ

ಆಗುತ್ತದೆ ಮೇಷ್ಟ್ರೇ. ಮಾತು ಅಥವಾ ಚಿತ್ರದಿಂದ ಏಳುವ ನೆನಪುಗಳು ಹೆಚ್ಚಾಗಿ ಹರೆಯದವು. ವಾಸನೆಯಿಂದ ಏಳುವ ನೆನಪುಗಳು ಹೆಚ್ಚಾಗಿ ಹತ್ತು ವರ್ಷ ವಯಸ್ಸಾಗುವ ಮುಂಚಿನವು ಎಂದು ಸ್ವೀಡನ್ನಿನಲ್ಲಿ ವಯಸ್ಸಾದವರ ಮೇಲೆ ನಡೆದ ಅಧ್ಯಯನ ಹೇಳಿದೆ. ಆದರೆ ಒಂದು ಮಾತು ಸೇರಿಸಲೇಬೇಕು. ವಾಸನೆ ತರುವ ನೆನಪು ಹೆಚ್ಚು ನಿಖರ ಎಂದೇನಿಲ್ಲ, ಅದರಲ್ಲಿ ಭಾವ ಹೆಚ್ಚು.

ಕಡಲಕರೆ (ಕುಂದಾಪುರ, ಈಗ ಬೆಂಗಳೂರು)

ಎಲ್ಲರೂ ಅಮ್ಮ, ಮಗು, ಮಲ್ಲಿಗೆ ಎನ್ನುತ್ತಿದ್ದೀರಿ. ವಾಸನೆ ಮನುಷ್ಯರನ್ನು ದೂರ ಇಡಲು ಬಳಕೆಯಾಗುವುದನ್ನೂ ಮಾತಾಡೋಣ.

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಮೊದಲ ಪ್ರಶ್ನೆ "ಮೀನು ತಿನ್ನುತ್ತೀರಾ?" ಒಂದು ಮನೆಯಲ್ಲಿ ಮುಂಗಡ ಕೊಟ್ಟ ಮೇಲೂ ವಾಪಸು ಕಳಿಸಿದರು. ಕಾರಣ "ನಿಮ್ಮ ಅಡುಗೆಯ ವಾಸನೆ ಮೇಲಿನವರಿಗೆ ಆಗುವುದಿಲ್ಲ." ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಹೊರಗೆ ಜಡಿಮಳೆ, ಒಳಗೆ ಕೆಂಡದ ಮೇಲೆ ಒಣಮೀನು, ಕುಚ್ಚಲಕ್ಕಿ ಗಂಜಿ. ಆ ಕಂಪಿಗೆ ನನ್ನ ಬಾಲ್ಯವೆಲ್ಲ ಕಟ್ಟಿಕೊಂಡಿದೆ. ಅದೇ ಕಂಪು ಈ ಊರಿನಲ್ಲಿ ನನ್ನನ್ನು ಕೊಳಕನನ್ನಾಗಿಸುತ್ತದೆ.

2001ರಲ್ಲಿ ರೇಚಲ್ ಹರ್ಜ್ ಮತ್ತು ಜೂಲಿಯಾ ವಾನ್ ಕ್ಲೆಫ್ ಮಾಡಿದ ಪ್ರಯೋಗ ಓದಿದ್ದೇನೆ. ಒಂದೇ ರಾಸಾಯನಿಕ ಮಿಶ್ರಣದ ವಾಸನೆಗೆ ಒಮ್ಮೆ "ಪಾರ್ಮೆಸಾನ್ ಚೀಸ್" ಎಂದು ಹೆಸರು ಹೇಳಿದರು, ಇನ್ನೊಮ್ಮೆ "ವಾಂತಿ" ಎಂದರು. ಚೀಸ್ ಎಂದಾಗ ಅದೇ ಜನ ಇಷ್ಟಪಟ್ಟರು, ವಾಂತಿ ಎಂದಾಗ ಮುಖ ಹಿಂಡಿದರು. ಶೀಶೆಯಲ್ಲಿದ್ದದ್ದು ಒಂದೇ! ಅಸಹ್ಯವನ್ನು ನಮಗೆ ಕಲಿಸಲಾಗಿದೆ. ಯಾರ ಮನೆಯ ವಾಸನೆ ನಾತ, ಯಾರ ಮನೆಯದು ಘಮ ಎಂಬುದನ್ನೂ ಕಲಿಸಲಾಗಿದೆ.

ಹಳೇ ಬಡಾವಣೆ

ನಾನು ಮನೆ ಬಾಡಿಗೆಗೆ ಕೊಡುವವನು. ಎಲ್ಲವನ್ನೂ ಜಾತಿಗೆ ಎಳೆಯಬೇಡಿ. ಹುಟ್ಟಿದಾಗಿನಿಂದ ಪರಿಚಯವಿಲ್ಲದ ವಾಸನೆ ನನ್ನ ಹೆಂಡತಿಗೆ ನಿಜವಾಗಿ ಹೊಟ್ಟೆ ತೊಳಸುತ್ತದೆ. ಅದು ನಾಟಕವಲ್ಲ. ನನ್ನ ಮನೆಯಲ್ಲಿ ನನಗೆ ನೆಮ್ಮದಿ ಬೇಡವೇ?

ಕಡಲಕರೆ (ಕುಂದಾಪುರ, ಈಗ ಬೆಂಗಳೂರು)

ಹೊಟ್ಟೆ ತೊಳಸುವುದು ನಿಜ ಎಂದು ನಾನೂ ಒಪ್ಪುತ್ತೇನೆ ಸ್ವಾಮಿ. ಕಲಿತದ್ದು ಕೂಡ ನಿಜವಾಗಿ ತೊಳಸುತ್ತದೆ. ಆದರೆ ಇಂಗಿನ ಡಬ್ಬಿ ಮೊದಲ ಸಲ ಮೂಸಿದ ವಿದೇಶಿಯ ಮುಖ ನೋಡಿದ್ದೀರಾ? ಹಲಸಿನ ಹಣ್ಣು ಕೊಯ್ದ ಮನೆಗೆ ಬಂದವನ ಮುಖ? ಅವನು ನಿಮಗೆ ಮನೆ ಕೊಡುವುದಿಲ್ಲ ಎಂದರೆ ನೆಮ್ಮದಿಯ ಹಕ್ಕು ಎಂದು ಒಪ್ಪಿಕೊಳ್ಳುತ್ತೀರಾ?

ಎಡಿನ್‌ಬರೋ ಕನ್ನಡತಿ

ಇಲ್ಲಿ ಸ್ಕಾಟ್ಲೆಂಡಿನಲ್ಲಿ ನನಗೆ ಅದೇ ಆಗಿದೆ. ಒಗ್ಗರಣೆಯ ವಾಸನೆ ಮೆಟ್ಟಿಲಿಗೆ ಬರುತ್ತದೆ ಎಂದು ಪಕ್ಕದ ಮನೆಯವರು ದೂರು ಕೊಟ್ಟರು. ಕೆಲಸಕ್ಕೆ ಹೋಗುವ ಕೋಟನ್ನು ಅಡುಗೆ ಮಾಡುವ ಮೊದಲು ಮಲಗುವ ಕೋಣೆಗೆ ಹಾಕಿ ಬಾಗಿಲು ಮುಚ್ಚುವುದು ಇಲ್ಲಿನ ನಮ್ಮವರೆಲ್ಲರ ಅಭ್ಯಾಸ. ಮೈಯಿಂದ ಸಾಂಬಾರಿನ ವಾಸನೆ ಬರುತ್ತಿದೆಯೇ ಎಂಬ ಅಳುಕು ಸಭೆಯಲ್ಲಿ ಮಾತನ್ನೇ ಕಟ್ಟಿಹಾಕುತ್ತದೆ. ಕಡಲಕರೆಯವರ ಅವಮಾನ ನನಗೆ ಅರ್ಥವಾಗುತ್ತದೆ.

ಪುರಾವೆ ಕೊಡಿ

ಎಲ್ಲವೂ ಕಲಿತದ್ದು ಎನ್ನುವುದೂ ಅತಿಯಾಯಿತು. 2022ರಲ್ಲಿ ಬೇರೆ ಬೇರೆ ದೇಶಗಳ ಕೃಷಿಕರು, ಬೇಟೆಗಾರ ಸಮುದಾಯದವರು, ನಗರವಾಸಿಗಳು ಎಲ್ಲರಿಗೂ ಅವೇ ವಾಸನೆಗಳನ್ನು ಕೊಟ್ಟು ಇಷ್ಟದ ಕ್ರಮದಲ್ಲಿ ಜೋಡಿಸಲು ಹೇಳಿದರು. ಒಟ್ಟಾರೆ ನೋಡಿದರೆ ವೆನಿಲಾ ಎಲ್ಲಕ್ಕಿಂತ ಮೇಲೆ, ಬೆವರು ಕಾಲಿನ ವಾಸನೆಯ ಐಸೋವ್ಯಾಲೆರಿಕ್ ಆಮ್ಲ ಎಲ್ಲಕ್ಕಿಂತ ಕೆಳಗೆ. ಕಣದ ರಚನೆಯೇ ಬಹಳಷ್ಟನ್ನು ತೀರ್ಮಾನಿಸುತ್ತದೆ.

ಮೂಗುತಿ

ಅದೇ ಅಧ್ಯಯನದ ಇನ್ನರ್ಧ ಹೇಳಿ. ವ್ಯತ್ಯಾಸದಲ್ಲಿ ಸಂಸ್ಕೃತಿಯ ಪಾಲು ಶೇ 6ರಷ್ಟು, ವ್ಯಕ್ತಿಗತ ಇಷ್ಟಾನಿಷ್ಟದ ಪಾಲು ಶೇ 54ರಷ್ಟು. ಹಾಗಿದ್ದರೆ "ನಮ್ಮವರಿಗೆ ಮೀನಿನ ವಾಸನೆ ಆಗುವುದಿಲ್ಲ" ಎಂದು ಇಡೀ ಸಮುದಾಯದ ಹೆಸರಿನಲ್ಲಿ ಹೇಳುವುದಕ್ಕೆ ಆಧಾರವೇ ಇಲ್ಲ. ಒಬ್ಬೊಬ್ಬರ ಮೂಗು ಒಂದೊಂದು.

ಕಡಲಕರೆ (ಕುಂದಾಪುರ, ಈಗ ಬೆಂಗಳೂರು)

ಮೂಗುತಿ ಅವರೇ, ಧನ್ಯವಾದ. ಮುಂದಿನ ಮಾಲೀಕರಿಗೆ ಇದನ್ನೇ ಹೇಳುತ್ತೇನೆ.

ಹೂಮಳೆ (ಸಕಲೇಶಪುರ)

ಜಗಳ ಬಿಟ್ಟು ಸ್ವಲ್ಪ ಹೊರಗೆ ಬನ್ನಿ. ಹೂಮಳೆ ಬಿದ್ದು ಹತ್ತು ದಿನಕ್ಕೆ ಕಾಫಿ ಅರಳಿದಾಗ ತೋಟವಿಡೀ ಮಲ್ಲಿಗೆಯಂಥ ಪರಿಮಳ. ಆ ಬೆಳಿಗ್ಗೆ ಸಾಲ, ಬೆಲೆ ಕುಸಿತ ಒಂದೂ ತಲೆಗೆ ಬರುವುದಿಲ್ಲ. ಅದಕ್ಕೂ ಮೊದಲು ಒಣ ನೆಲಕ್ಕೆ ಮೊದಲ ಹನಿ ಬಿದ್ದಾಗಿನ ಮಣ್ಣಿನ ವಾಸನೆ!

ಬತ್ತಿಮನೆ (ಮೈಸೂರು)

ಆ ಮಣ್ಣಿನ ವಾಸನೆಯನ್ನೇ ಶೀಶೆಗೆ ಇಳಿಸುವವರಿದ್ದಾರೆ, ಉತ್ತರ ಪ್ರದೇಶದ ಕನೌಜಿನಲ್ಲಿ. ಸುಟ್ಟ ಮಣ್ಣಿನ ಬಿಲ್ಲೆಗಳನ್ನು ತಾಮ್ರದ ಹಂಡೆಯಲ್ಲಿ ನೀರಿನೊಡನೆ ಕುದಿಸಿ, ಆವಿಯನ್ನು ಗಂಧದೆಣ್ಣೆಗೆ ಹಿಡಿಯುತ್ತಾರೆ. ಮಿಟ್ಟಿ ಅತ್ತರು. ಆಸ್ಟ್ರೇಲಿಯದ ಇಸಾಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ ಈ ವಾಸನೆಗೆ ಪೆಟ್ರಿಕೋರ್ ಎಂದು ಹೆಸರಿಟ್ಟರು. ಅದಕ್ಕೂ ಮೊದಲೇ ಕನೌಜಿನವರು ಅದನ್ನು ಮಾರುತ್ತಿದ್ದರು ಎಂಬುದನ್ನು ಅವರೇ ದಾಖಲಿಸಿದ್ದಾರೆ. ಮಣ್ಣಿನ ಬ್ಯಾಕ್ಟೀರಿಯಾ ಹೊರಹಾಕುವ ಜಿಯೋಸ್ಮಿನ್ ಅದರ ಒಂದು ಅಂಶ. ಮನುಷ್ಯರ ಮೂಗು ಅದನ್ನು ಅತ್ಯಲ್ಪ ಪ್ರಮಾಣದಲ್ಲೂ ಹಿಡಿಯುತ್ತದೆ.

ನಿರ್ವಾಹಕರು

ಮಳೆಯ ಮಾತಿಗೆ ಬೇರೆ ಚರ್ಚೆ ತೆರೆಯಿರಿ, ಬಹಳ ಮಂದಿ ಬರುತ್ತಾರೆ. ಇಲ್ಲಿ ಪ್ರಶ್ನೆ ಕೇಳಿದವರಿಗೆ ಉತ್ತರ ಸಿಗಲಿ. ಬಾಡಿಗೆ ವಿಚಾರದಲ್ಲಿ ವೈಯಕ್ತಿಕ ನಿಂದನೆ ಮಾಡಿದ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ.

ತುಂಗಾತೀರ (ಶಿವಮೊಗ್ಗ)

ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ದಾವಣಗೆರೆಯ ಅಕ್ಕ ಬರೆದದ್ದನ್ನು ಮತ್ತೊಮ್ಮೆ ಓದು ಎಂದಳು. ಅಲಾರಂ ತಂದಾಯಿತು. ಈಗ ಎರಡು ಅನುಮಾನ. ಗುಲಾಬಿ, ನೀಲಗಿರಿ ಎಣ್ಣೆಗಳನ್ನು ಕೊಳ್ಳಲೇಬೇಕೇ, ಮನೆಯಲ್ಲಿರುವ ಸಾಮಾನು ಸಾಲದೇ? ಮತ್ತು ಊಟ. ಅಮ್ಮ ತೂಕ ಕಳೆದುಕೊಳ್ಳುತ್ತಿದ್ದಾಳೆ. ಏನು ಬಡಿಸಲಿ?

ಹೆಲ್ಮೆಟ್ ಹಾಕಿ (ದಾವಣಗೆರೆ)

ಊಟದ ಬಗ್ಗೆ ನಾನು ಹೇಳುತ್ತೇನೆ. ವಾಸನೆ ಇಲ್ಲದ ಮೇಲೆ ನಾಲಿಗೆಗೆ ಉಳಿಯುವುದು ಹುಳಿ, ಖಾರ, ಕುರುಕು, ತಂಪು. ಮೆಣಸಿನ ಉರಿ, ಪುದಿನದ ತಂಪು, ಶುಂಠಿಯ ಚುರುಕು ಇವು ವಾಸನೆಯ ನರದಿಂದ ಬರುವುದಲ್ಲ, ಮುಖದ ಸ್ಪರ್ಶದ ನರದಿಂದ. ಅವು ಪೆಟ್ಟು ತಿಂದಿಲ್ಲ. ಹಸಿಮೆಣಸು ಜಜ್ಜಿದ ಕೋಸಂಬರಿ, ದಾಳಿಂಬೆ ಬೆರೆಸಿದ ಮೊಸರನ್ನ, ಹುಣಸೆ ಗೊಜ್ಜು, ಹುರಿದ ಶೇಂಗಾ, ಹಪ್ಪಳ. ಬಿಸಿಯಾಗಿ ಬಡಿಸಬೇಡಿ, ಆವಿ ಎದ್ದರೆ ಕೆಟ್ಟ ವಾಸನೆಯೂ ಏಳುತ್ತದೆ. ಆರಿದ ಮೇಲೆ ಕೊಡಿ.

ಒಬ್ಬರೇ ಊಟಕ್ಕೆ ಕೂರಲು ಬಿಡಬೇಡಿ. ರುಚಿ ಇಲ್ಲದ ಊಟವನ್ನು ಮಾತು ಮುಗಿಸಿಕೊಡುತ್ತದೆ.

ವೈದ್ಯೆ ಹುಬ್ಬಳ್ಳಿ

ಎಷ್ಟು ಚೆನ್ನಾಗಿ ಹೇಳಿದಿರಿ. ಇದನ್ನು ನನ್ನ ರೋಗಿಗಳಿಗೂ ಹೇಳುತ್ತೇನೆ.

ಪರೋಸ್ಮಿಯಾ ಇರುವವರಿಗೆ ಸಾಮಾನ್ಯವಾಗಿ ಕಾಟ ಕೊಡುವುದು ಕಾಫಿ, ಈರುಳ್ಳಿ, ಬೆಳ್ಳುಳ್ಳಿ, ಹುರಿದ ಕರಿದ ಪದಾರ್ಥ, ಚಾಕೊಲೇಟ್. ಹುರಿದ ಕಾಫಿಯಲ್ಲಿರುವ ಗಂಧಕದ ಕೆಲವು ಸಂಯುಕ್ತಗಳು ಇದಕ್ಕೆ ಕಾರಣವೆಂದು ಗುರುತಿಸಿದ್ದಾರೆ. ಆದ್ದರಿಂದ ಅಭ್ಯಾಸಕ್ಕೆ ಕಾಫಿ ಬೇಡ, ಮನೆಯಲ್ಲಿ ಬೇರೆಯವರಿಗೆ ಡಿಕಾಕ್ಷನ್ ಹಾಕುವಾಗ ಕಿಟಕಿ ತೆರೆದಿರಲಿ.

ಮನೆಯ ಸಾಮಾನು ಸಾಕು. ಜಜ್ಜಿದ ಲವಂಗ, ನಿಂಬೆಯ ಸಿಪ್ಪೆ, ನೀಲಗಿರಿ ಎಣ್ಣೆಯ ಹನಿ ಹಾಕಿದ ಹತ್ತಿ, ಗುಲಾಬಿಗೆ ಪನ್ನೀರು, ಅದು ತೀರಾ ಸಪ್ಪೆಯಾದರೆ ಗುಲಾಬಿ ಅತ್ತರು. ಮುಚ್ಚಳದ ಸಣ್ಣ ಶೀಶೆಗಳಲ್ಲಿ ಹಾಕಿ ಮೇಲೆ ಹೆಸರು ಬರೆಯಿರಿ. ಒಂದೊಂದನ್ನು 15ರಿಂದ 20 ಸೆಕೆಂಡ್, ಮೆಲ್ಲಗೆ ಮೂಸಲಿ. ಏನೂ ತಿಳಿಯದಿದ್ದರೂ ಬಿಡಬಾರದು. ಎಣ್ಣೆ ಮೂಗಿನೊಳಗೆ ಹಾಕುವುದು, ಕುಡಿಯುವುದು ಖಂಡಿತ ಕೂಡದು. ಮೂರು ತಿಂಗಳ ನಂತರ ವಾಸನೆಗಳನ್ನು ಬದಲಿಸಬಹುದು. ಆಗ ಅಮ್ಮನ ಇಷ್ಟದ ಏಲಕ್ಕಿ, ಕರಿಬೇವು, ದವನ ಸೇರಿಸಿ.

ಹಾವೇರಿ ಹುಡುಗ

ಮೇಡಂ, ಓದುತ್ತಾ ಓದುತ್ತಾ ನನಗೆ ಭಯ ಶುರುವಾಗಿದೆ. ನಮ್ಮ ಅಪ್ಪನಿಗೆ 68. ಕೋವಿಡ್ ಬಂದಿಲ್ಲ, ನೆಗಡಿಯೂ ಇಲ್ಲ. ಆದರೂ ವರ್ಷದಿಂದ ವಾಸನೆ ತಿಳಿಯುತ್ತಿಲ್ಲ. ಇದು ಪಾರ್ಕಿನ್ಸನ್ ಕಾಯಿಲೆಯ ಮುನ್ಸೂಚನೆ ಎಂದು ಎಲ್ಲೋ ನೋಡಿದೆ.

ಎಡಿನ್‌ಬರೋ ಕನ್ನಡತಿ

ಪಾರ್ಕಿನ್ಸನ್ ಮತ್ತು ವಾಸನೆ ಎಂದರೆ ಇಲ್ಲಿ ಎಲ್ಲರೂ ಜಾಯ್ ಮಿಲ್ನ್ ಎಂಬ ನರ್ಸ್ ಹೆಸರು ಹೇಳುತ್ತಾರೆ. ಗಂಡನ ಮೈವಾಸನೆ ಬದಲಾದದ್ದು ಅವರಿಗೆ ರೋಗ ಪತ್ತೆಯಾಗುವುದಕ್ಕೆ ಹತ್ತಕ್ಕೂ ಹೆಚ್ಚು ವರ್ಷ ಮೊದಲೇ ತಿಳಿದಿತ್ತು. ಎಡಿನ್‌ಬರೋ ವಿಶ್ವವಿದ್ಯಾಲಯದವರು ರೋಗಿಗಳ ಮತ್ತು ಆರೋಗ್ಯವಂತರ 12 ಅಂಗಿಗಳನ್ನು ಕೊಟ್ಟು ಪರೀಕ್ಷಿಸಿದರು. 11 ಸರಿ ಹೇಳಿದರು. ಆರೋಗ್ಯವಂತನೊಬ್ಬನಿಗೆ ರೋಗವಿದೆ ಎಂದು ತಪ್ಪು ಹೇಳಿದ್ದರು. ತಿಂಗಳುಗಳ ನಂತರ ಅವನಿಗೂ ರೋಗ ಇರುವುದು ಪತ್ತೆಯಾಯಿತು.

ವೈದ್ಯೆ ಹುಬ್ಬಳ್ಳಿ

ಹಾವೇರಿಯವರೇ, ಗಾಬರಿ ಬೇಡ, ಅಸಡ್ಡೆಯೂ ಬೇಡ. ಪಾರ್ಕಿನ್ಸನ್ ಇರುವವರಲ್ಲಿ ಬಹುಪಾಲು ಜನರಿಗೆ ಕೈನಡುಕಕ್ಕಿಂತ ವರ್ಷಗಳ ಮೊದಲೇ ವಾಸನೆ ತಗ್ಗಿರುತ್ತದೆ ಎಂಬುದು ನಿಜ. ಆದರೆ ವಾಸನೆ ತಗ್ಗಿದವರಲ್ಲಿ ಬಹುಪಾಲು ಜನರಿಗೆ ಪಾರ್ಕಿನ್ಸನ್ ಇರುವುದಿಲ್ಲ. 65ರಿಂದ 80ರ ನಡುವಿನವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಈ ಶಕ್ತಿ ಗಣನೀಯವಾಗಿ ಕುಂದಿರುತ್ತದೆ ಎಂದು ಅಮೆರಿಕದಲ್ಲಿ 1984ರಲ್ಲೇ ನಡೆದ ದೊಡ್ಡ ಅಧ್ಯಯನ ತೋರಿಸಿತು. ಮೂಗಿನೊಳಗಿನ ದುರ್ಮಾಂಸ, ಸೈನಸ್ ಸೋಂಕು, ಕೆಲವು ಮಾತ್ರೆಗಳು, ತಂಬಾಕು ಇವೆಲ್ಲ ಕಾರಣಗಳಾಗಬಹುದು. ಇವುಗಳಲ್ಲಿ ಹಲವಕ್ಕೆ ಚಿಕಿತ್ಸೆ ಇದೆ.

ಮೊದಲು ಕಿವಿ ಮೂಗು ಗಂಟಲು ವೈದ್ಯರಲ್ಲಿ ಎಂಡೋಸ್ಕೋಪಿ ಮಾಡಿಸಿ. ಜೊತೆಗೆ ಮೂರು ಸಂಗತಿ ಗಮನಿಸಿ: ದೀರ್ಘಕಾಲದ ಮಲಬದ್ಧತೆ ಇದೆಯೇ, ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಬಡಿಯುತ್ತಾರೆಯೇ ಅಥವಾ ಕೂಗುತ್ತಾರೆಯೇ, ನಡೆಯುವಾಗ ಒಂದು ಕೈಯ ಬೀಸು ಕಡಿಮೆಯಾಗಿದೆಯೇ. ಇವುಗಳಲ್ಲಿ ಯಾವುದಾದರೂ ಇದ್ದರೆ ನರರೋಗ ತಜ್ಞರಿಗೂ ತೋರಿಸಿ. ಅಪ್ಪ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನು ಒಯ್ಯಲು ಮರೆಯಬೇಡಿ, ರಕ್ತದೊತ್ತಡದ್ದೂ ಸೇರಿ.